ಒಂದೇ ಕ್ಲಬ್, ಒಂದೇ ಜರ್ಸಿ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುವವನನ್ನು ಜನ ಮೊದಲು ಕೇಳುವುದು "ಹಾಕಿ ಯಾಕೆ ಬಿಟ್ರಿ?" ಅಂತ. ಅದಕ್ಕೆ ಇಲ್ಲಿ ಉತ್ತರವಿಲ್ಲ. ಆಮೇಲೆ ಮಾತು ತಿರುಗುವುದು ಮಾಲ್ಡೀನಿ, ಟೊಟ್ಟಿ, ಪುಯೋಲ್ ಥರದವರ ಕಡೆಗೆ. ಇಡೀ ಆಟದ ಆಯಸ್ಸನ್ನು ಒಂದೇ ಕ್ಲಬ್‌ನಲ್ಲಿ ಹೇಗೆ ಕಳೆದರು, ಯಾಕೆ ಕಳೆದರು, ನಮ್ಮ ಹುಡುಗರೂ ಹಾಗೇ ಇರಬೇಕೇ? ಸುಂಟಿಕೊಪ್ಪದಲ್ಲಿ ಪಂದ್ಯ ನೋಡುತ್ತಾ ನಿಂತವರು, ಮಡಿಕೇರಿ ಬಸ್ಸಿನಲ್ಲಿ ಪಕ್ಕ ಕೂತವರು, ಪತ್ರ ಬರೆದ ತಂದೆತಾಯಿಯರು ಕೇಳಿದ್ದನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಜಗಳದ್ದು ಕೊನೆಗೆ.

## ಹೊಸಬರು ಕೇಳುವುದು

ಒಂದೇ ಕ್ಲಬ್ ಆಟಗಾರ ಅಂದ್ರೆ ಏನು ಸರ್? ಎಲ್ಲರೂ ಯಾವುದೋ ಒಂದು ಕ್ಲಬ್‌ಗೇ ತಾನೇ ಆಡೋದು?

ಒಂದು ಸಲಕ್ಕೆ ಒಂದೇ ಕ್ಲಬ್, ನಿಜ. ಈ ಹೆಸರು ಸಲ್ಲುವುದು ಸೀನಿಯರ್ ಮಟ್ಟದ ಮೊದಲ ಪಂದ್ಯದಿಂದ ಕೊನೆಯ ಪಂದ್ಯದವರೆಗೆ ಬೇರೆ ಕ್ಲಬ್‌ನ ಜರ್ಸಿ ತೊಡದವರಿಗೆ ಮಾತ್ರ. ದೇಶದ ತಂಡಕ್ಕೆ ಆಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಪಾವ್ಲೊ ಮಾಲ್ಡೀನಿಯನ್ನೇ ನೋಡಿ. 1985ರ ಜನವರಿ 20ರಂದು, ಹದಿನಾರರ ವಯಸ್ಸಿನಲ್ಲಿ, ಉದಿನೇಸೆ ವಿರುದ್ಧ ಎಸಿ ಮಿಲಾನ್ ಪರ ಮೈದಾನಕ್ಕಿಳಿದ. ಬೂಟು ಬಿಚ್ಚಿಟ್ಟದ್ದು 2009ರಲ್ಲಿ. ನಡುವೆ ಮಿಲಾನ್‌ಗೆ 902 ಪಂದ್ಯ, ಇಟಲಿಗೆ 126. ಬೇರೆ ಯಾವ ಕ್ಲಬ್‌ಗೂ ಒಂದು ನಿಮಿಷವೂ ಇಲ್ಲ.

ಹುಡುಗನಾಗಿದ್ದಾಗ ಬೇರೆ ಕಡೆ ಕಲಿತಿದ್ರೆ? ಲೋನ್ ಮೇಲೆ ಹೋಗಿ ಬಂದಿದ್ರೆ?

ಬಾಲ್ಯವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ಗೆ 963 ಪಂದ್ಯ ಆಡಿದ ರಯಾನ್ ಗಿಗ್ಸ್ ಚಿಕ್ಕವನಿದ್ದಾಗ ಕಲಿತದ್ದು ಎದುರಾಳಿ ಮ್ಯಾಂಚೆಸ್ಟರ್ ಸಿಟಿಯಲ್ಲಿ. ಲೋನ್, ಅಂದರೆ ಕ್ಲಬ್ ತನ್ನ ಆಟಗಾರನನ್ನು ಕೆಲಕಾಲ ಬೇರೆ ಕ್ಲಬ್‌ಗೆ ಎರವಲು ಕೊಡುವ ವಿಷಯಕ್ಕೆ ಬಂದರೆ ಅಭಿಮಾನಿಗಳು ಇಬ್ಭಾಗವಾಗುತ್ತಾರೆ. ವೆಸ್ಟ್ ಹ್ಯಾಮ್‌ನ ಮಾರ್ಕ್ ನೋಬಲ್ 2004ರಿಂದ 2022ರವರೆಗೆ ಆ ಕ್ಲಬ್‌ನವನೇ ಆಗಿದ್ದ, ಆದರೆ ಎಳೆಯ ವಯಸ್ಸಿನಲ್ಲಿ ಹಲ್ ಮತ್ತು ಇಪ್ಸ್‌ವಿಚ್‌ಗೆ ಸ್ವಲ್ಪ ಕಾಲ ಲೋನ್ ಮೇಲೆ ಹೋಗಿದ್ದ. ಹುಡುಗನನ್ನು ಲೋನ್ ಮೇಲೆ ಕಳಿಸುವುದು ಕ್ಲಬ್‌ನ ತೀರ್ಮಾನ. ಅದರ ಪಾಪವನ್ನು ಆಟಗಾರನ ತಲೆಗೆ ಕಟ್ಟುವುದು ನನಗೆ ಸರಿಕಾಣುವುದಿಲ್ಲ.

ತೀರಾ ಬಿಗಿಯಾಗಿ ಅಳೆಯಲು ಹೊರಟರೆ ಟಾಮ್ ಫಿನ್ನಿಯೂ ಜಾರಿಬಿಡುತ್ತಾರೆ. ಇಂಗ್ಲೆಂಡಿನ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್‌ಗೆ ಜೀವ ತೇದು 1960ರಲ್ಲಿ ನಿವೃತ್ತರಾದವರು, 1963ರಲ್ಲಿ ಉತ್ತರ ಐರ್ಲೆಂಡಿನ ಡಿಸ್ಟಿಲರಿ ಕ್ಲಬ್ ಕರೆಯಿತೆಂದು ಹೋಗಿ ಬೆನ್ಫಿಕಾ ವಿರುದ್ಧ ಯುರೋಪಿಯನ್ ಕಪ್ ಪಂದ್ಯ ಆಡಿದರು. 3-3 ಡ್ರಾ. ನಲವತ್ತು ದಾಟಿದವರು ಆಡಿದ ಆ ಒಂದು ಸಂಜೆಯ ಆಟಕ್ಕಾಗಿ ಅವರನ್ನು ಪಟ್ಟಿಯಿಂದ ತೆಗೆಯುವವರ ಜೊತೆ ನಾನು ವಾದಕ್ಕೆ ಕೂರುವುದಿಲ್ಲ.

ಮೆಸ್ಸಿ ಬಾರ್ಸಿಲೋನಾದವನೇ ಅಲ್ವಾ?

2021ರವರೆಗೆ ಹೌದು. 778 ಪಂದ್ಯ, 672 ಗೋಲು. ಆ ವರ್ಷ ಆಗಸ್ಟಿನಲ್ಲಿ ಮೆಸ್ಸಿ ಉಳಿಯಲು ಸಿದ್ಧನಿದ್ದರೂ ಸ್ಪ್ಯಾನಿಷ್ ಲೀಗ್‌ನ ಖರ್ಚಿನ ಮಿತಿಯೊಳಗೆ ಅವನ ಹೆಸರನ್ನು ನೋಂದಾಯಿಸಲು ಕ್ಲಬ್‌ಗೆ ಆಗಲಿಲ್ಲ. ಅಳುತ್ತಲೇ ಪ್ಯಾರಿಸ್‌ಗೆ ಹೋದ. ಥಾಮಸ್ ಮುಲ್ಲರ್‌ದೂ ಹೆಚ್ಚುಕಡಿಮೆ ಇದೇ ಕಥೆ: ಬಾಲಕನಾಗಿ ಬಾಯರ್ನ್ ಮ್ಯೂನಿಕ್ ಸೇರಿ, 756 ಪಂದ್ಯ ಆಡಿ, ಕ್ಲಬ್ ಹೊಸ ಒಪ್ಪಂದ ಕೊಡದೇ ಇದ್ದಾಗ 2025ರಲ್ಲಿ ಕೆನಡಾದ ವ್ಯಾಂಕೂವರ್‌ಗೆ ಹೊರಟ.

ನಮ್ಮ ಛೆಟ್ರಿ?

ಬೆಂಗಳೂರು ಎಫ್‌ಸಿಯ ಮುಖ ಅಂದರೆ ಸುನಿಲ್ ಛೆಟ್ರಿಯೇ. ಕ್ಲಬ್ ಹುಟ್ಟಿದ 2013ರಲ್ಲೇ ಅಲ್ಲಿಗೆ ಸೇರಿದವರು. ಆದರೆ ಅದಕ್ಕೆ ಮೊದಲು ಮೋಹನ್ ಬಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಚರ್ಚಿಲ್ ಬ್ರದರ್ಸ್, ಅಮೆರಿಕದ ಕ್ಯಾನ್ಸಸ್ ಸಿಟಿ, ಪೋರ್ಚುಗಲ್‌ನ ಸ್ಪೋರ್ಟಿಂಗ್ ಎಲ್ಲ ಆಗಿವೆ. ಕಂಠೀರವಕ್ಕೆ ಹೋಗಿ ಕೂಗಿ ಬಂದವರಿಗೆ ಇದನ್ನು ಹೇಳಿದರೆ ಮುಖ ಸಪ್ಪಗಾಗುತ್ತದೆ. ಏನು ಮಾಡಲಿ?

ಒಕ್ಕದ ಹಾಕಿ ತಂಡಕ್ಕೆ ಆಡೋದೂ ಇದೂ ಒಂದೇ ಅಲ್ವಾ?

ಇದನ್ನು ಕೇಳುವವರು ಬಹಳ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕುಟುಂಬಗಳ, ಅಂದರೆ ಒಕ್ಕಗಳ, ಹಾಕಿ ಹಬ್ಬ ನೋಡಿ ಬೆಳೆದವರಿಗೆ ಬೇರೆ ತಂಡಕ್ಕೆ ಆಡುವ ಮಾತೇ ವಿಚಿತ್ರ. ಮನೆಹೆಸರು ಯಾವುದೋ ತಂಡ ಅದೇ. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವವನೂ ರಜೆ ಹಾಕಿ ಬಂದು ಒಕ್ಕದ ಹೆಸರಿನಲ್ಲೇ ಕೋಲು ಹಿಡಿಯುತ್ತಾನೆ.

ಆದರೆ ಒಕ್ಕ ನಿಮ್ಮನ್ನು ಮಾರಲಾರದು, ಪಕ್ಕದ ಒಕ್ಕ ನಿಮ್ಮನ್ನು ಕೊಳ್ಳಲಾರದು, ಫಾರ್ಮ್ ಹೋಯಿತೆಂದು ಒಪ್ಪಂದ ಮುಗಿಸಲಾರದು. ವೃತ್ತಿಪರ ಕ್ಲಬ್ ಈ ಮೂರನ್ನೂ ಮಾಡಬಲ್ಲದು. ಆಯ್ಕೆಯೇ ಇಲ್ಲದ ಕಡೆ ಉಳಿದದ್ದು ಸಂಬಂಧ. ಬಿಟ್ಟುಹೋಗುವ ದಾರಿ ಇದ್ದೂ ಉಳಿದರೆ ಮಾತ್ರ ನಿಷ್ಠೆಯ ಮಾತು ಎತ್ತಬಹುದು. ಮುಂದಿನ ಉತ್ತರಗಳಲ್ಲೆಲ್ಲ ನಾನು ಈ ಅಳತೆಯನ್ನೇ ಹಿಡಿದಿದ್ದೇನೆ.

## ದುಡ್ಡು, ಒಪ್ಪಂದ, ಮೈಕೈ

ಹಿಂದಿನವರೆಲ್ಲ ನಿಯತ್ತಿನವರು. ಈಗಿನವರು ದುಡ್ಡು ಕಂಡ ಕಡೆ ಓಡ್ತಾರೆ. ಸರಿ ತಾನೇ?

ಹಿರಿಯರು ಇದನ್ನು ಪ್ರಶ್ನೆಯ ರೂಪದಲ್ಲಿ ಹೇಳುತ್ತಾರೆ, ಉತ್ತರ ಅವರ ಹತ್ತಿರವೇ ಇರುತ್ತದೆ. ಆದರೂ ನನ್ನದನ್ನೂ ಕೇಳಿ.

ಇಂಗ್ಲೆಂಡಿನಲ್ಲಿ ಬಹುಕಾಲ ಫುಟ್‌ಬಾಲ್ ಆಟಗಾರನ ಸಂಬಳಕ್ಕೆ ಮೇಲ್ಮಿತಿ ಇತ್ತು. 1961ರಲ್ಲಿ ಅದನ್ನು ತೆಗೆದುಹಾಕುವಾಗಲೂ ಮಿತಿ ವಾರಕ್ಕೆ 20 ಪೌಂಡ್. ಕ್ಲಬ್ ಬದಲಿಸಿದರೂ ಅಷ್ಟೇ, ಬದಲಿಸದಿದ್ದರೂ ಅಷ್ಟೇ. ಅದರ ಮೇಲೆ, ಒಪ್ಪಂದ ಮುಗಿದ ಮೇಲೂ ಹಳೆಯ ಕ್ಲಬ್ ಆಟಗಾರನ ನೋಂದಣಿಯನ್ನು ತನ್ನ ಬಳಿಯೇ ಹಿಡಿದಿಟ್ಟುಕೊಳ್ಳಬಹುದಿತ್ತು. ಸಂಬಳ ಕೊಡದೆಯೂ!

ಫಿನ್ನಿಯವರ ಕಥೆ ಇದಕ್ಕೆ ಸಾಕ್ಷಿ. ಅವರು ಇಂಗ್ಲೆಂಡಿಗೆ 76 ಪಂದ್ಯ ಆಡಿದ ದೊಡ್ಡ ವಿಂಗರ್. ಆಡುವ ಕಾಲದಲ್ಲೂ ಊರಿನಲ್ಲಿ ಪ್ಲಂಬರ್ ಕೆಲಸ ಬಿಟ್ಟಿರಲಿಲ್ಲ. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ ಸಹಿ ಹಾಕುವುದಕ್ಕೇ 10,000 ಪೌಂಡ್, ಬಂಗಲೆ, ಕಾರು ಎಲ್ಲ ಕೊಡುತ್ತೇನೆಂದು ಮುಂದೆ ಬಂತು. ಪ್ರೆಸ್ಟನ್ ಬಿಡಲಿಲ್ಲ, ಅಲ್ಲಿಗೆ ಮುಗಿಯಿತು. ಇಂಗ್ಲೆಂಡಿನ ದೊಡ್ಡ ಪ್ರಶಸ್ತಿಗಳಾದ ಲೀಗ್, ಎಫ್‌ಎ ಕಪ್ ಎರಡೂ ಅವರಿಗೆ ಸಿಗಲಿಲ್ಲ. ಫಿನ್ನಿ ಊರನ್ನು ಪ್ರೀತಿಸುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರ 14 ವರ್ಷದ ಲೀಗ್ ಜೀವನದಲ್ಲಿ ಪ್ರೀತಿಯ ಪಾಲೆಷ್ಟು, ಬೀಗದ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ.

ಬೀಗ ಪೂರ್ತಿ ಮುರಿದದ್ದು 1995ರ ಡಿಸೆಂಬರ್ 15ರಂದು. ಬೆಲ್ಜಿಯಂನ ಜಾನ್-ಮಾರ್ಕ್ ಬೊಸ್ಮನ್ ಎಂಬ ಸಾಧಾರಣ ಆಟಗಾರನ ಒಪ್ಪಂದ 1990ರಲ್ಲಿ ಮುಗಿದಿತ್ತು. ಫ್ರಾನ್ಸಿನ ಡಂಕರ್ಕ್‌ಗೆ ಹೋಗಲು ಅವನ ಕ್ಲಬ್ ಬಿಡದಿದ್ದಾಗ ಕೋರ್ಟಿಗೆ ಹೋದ. ಒಪ್ಪಂದ ಮುಗಿದವನಿಗೆ ಬೆಲೆ ಕೇಳುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಬೊಸ್ಮನ್‌ನ ಸ್ವಂತ ಆಟದ ಬದುಕು ಅಷ್ಟರಲ್ಲಿ ಹಾಳಾಗಿತ್ತು. ಲಾಭ ಆದದ್ದು ಅವನ ನಂತರದವರಿಗೆ.

ಹಾಗಾಗಿ ನನ್ನ ಲೆಕ್ಕ ಹಿರಿಯರದಕ್ಕೆ ಉಲ್ಟಾ. 1995ರ ನಂತರವೂ ಉಳಿದ ಮಿಲಾನ್‌ನ ಮಾಲ್ಡೀನಿ, ರೋಮಾದ ಟೊಟ್ಟಿ, ಬಾರ್ಸಿಲೋನಾದ ಪುಯೋಲ್, ಲಿವರ್‌ಪೂಲ್‌ನ ಕ್ಯಾರಗರ್ ಮುಂದೆ ಬಾಗಿಲು ಹಾರುಹೊಡೆದಿತ್ತು. ಅವರದೇ ಹೆಚ್ಚು ತೂಕದ ನಿಷ್ಠೆ.

ಒಂದು ಸಲ ಸಹಿ ಹಾಕಿದ್ರೆ ಎಷ್ಟು ವರ್ಷ ಕಟ್ಟಿಹಾಕ್ತಾರೆ?

ಫಿಫಾ ನಿಯಮದಲ್ಲಿ ಸಾಮಾನ್ಯವಾಗಿ ಗರಿಷ್ಠ 5 ವರ್ಷ, 18 ತುಂಬದವರಿಗೆ 3. ದೇಶದ ಕಾನೂನು ಒಪ್ಪಿದರೆ ಹೆಚ್ಚಾಗಬಹುದು. ಕೊನೆಯ 6 ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ಬಹಿರಂಗವಾಗಿಯೇ ಮಾತಾಡಿ ಮುಂದಿನದಕ್ಕೆ ಸಹಿ ಹಾಕಬಹುದು.

ಬಿಟ್ಟು ಹೋಗದೇ ಇದ್ರೆ ದುಡ್ಡಿನಲ್ಲಿ ನಷ್ಟವೇ?

ಮೇಲ್ಮಟ್ಟದಲ್ಲಿ ಬಡವರೇನೂ ಆಗುವುದಿಲ್ಲ. ಆದರೆ ನಷ್ಟ ಇದೆ. ಒಪ್ಪಂದ ಮುಗಿಸಿ ಬೇರೆ ಕಡೆ ಹೋಗುವವನಿಗೆ ಹೊಸ ಕ್ಲಬ್ ಹಳೆಯ ಕ್ಲಬ್‌ಗೆ ಟ್ರಾನ್ಸ್‌ಫರ್ ಶುಲ್ಕ ಕೊಡಬೇಕಿಲ್ಲ, ಆ ಉಳಿತಾಯದ ದೊಡ್ಡ ಪಾಲು ಆಟಗಾರನ ಸಹಿ ಬೋನಸ್ ಆಗುತ್ತದೆ. ಉಳಿದವನಿಗೆ ಆ ಮೊತ್ತವಿಲ್ಲ. ಎಲ್ಲೂ ಹೋಗಲಾರ ಎಂದು ಕ್ಲಬ್‌ಗೆ ಗೊತ್ತಿರುವವನ ಜೊತೆ ಚೌಕಾಶಿ ಬಿಗಿಯಾಗಿಯೇ ನಡೆಯುತ್ತದೆ. ನಮ್ಮಲ್ಲಿ ಒಬ್ಬನೇ ವ್ಯಾಪಾರಿಗೆ ವರ್ಷವರ್ಷವೂ ಕಾಫಿ ಹಾಕುವವರಿಗೆ ಈ ರುಚಿ ಗೊತ್ತು.

ಇಂಗ್ಲೆಂಡಿನಲ್ಲಿ ಇದಕ್ಕೊಂದು ಹಳೆಯ ಪರಿಹಾರ ಇದೆ: ದೀರ್ಘಕಾಲ ಒಂದೇ ಕ್ಲಬ್‌ನಲ್ಲಿದ್ದವನ ಗೌರವಕ್ಕೊಂದು ಪಂದ್ಯ ಇಟ್ಟು ಟಿಕೆಟ್ ಹಣವನ್ನು ಅವನಿಗೆ ಕೊಡುವುದು. ಈಗಿನ ಶ್ರೀಮಂತ ಆಟಗಾರರು ಅದನ್ನು ದಾನಕ್ಕೆ ಕೊಡುವುದೇ ಹೆಚ್ಚು.

ಉಳಿಯೋದು ಆಟಗಾರನ ಕೈಯಲ್ಲೇ ಇದೆ ತಾನೇ? ಮನಸ್ಸು ಮಾಡಿದ್ರೆ ಆಯ್ತಲ್ಲ?

ಅರ್ಧ ಮಾತ್ರ. ಇಪ್ಪತ್ತು ವರ್ಷ ಒಂದು ಕಡೆ ಇರಬೇಕಾದರೆ ಐದಾರು ಸಲ ಒಪ್ಪಂದ ಹೊಸದಾಗಬೇಕು. ಪ್ರತಿ ಸಲವೂ ಆಟಗಾರ ಹೂಂ ಎನ್ನಬೇಕು, ಕ್ಲಬ್ಬೂ ಹೂಂ ಎನ್ನಬೇಕು. ನಡುವೆ ಕೋಚ್ ಬದಲಾಗುತ್ತಾನೆ, ಮಾಲೀಕ ಬದಲಾಗುತ್ತಾನೆ, ನಿಮ್ಮದೇ ಜಾಗಕ್ಕೆ ಹತ್ತೊಂಬತ್ತರ ಹುಡುಗ ಬರುತ್ತಾನೆ.

ಹೀಗೆ ಉಳಿದವರಲ್ಲಿ ನಾನು ಕಂಡ ಸಾಮಾನ್ಯ ಗುಣ ಅಂದರೆ ಆಟ ಬದಲಿಸಿಕೊಳ್ಳುವುದು. ಮಾಲ್ಡೀನಿ ಬದಿಯ ಡಿಫೆಂಡರ್ ಆಗಿ ಶುರುಮಾಡಿ ವಯಸ್ಸಾದಂತೆ ನಡುವಿಗೆ ಬಂದ. ಗಿಗ್ಸ್ ಮೊದಲು ಎಡಗೆರೆಯ ಮೇಲೆ ಮಿಂಚಿನಂತೆ ಓಡುತ್ತಿದ್ದವನು. ಕಾಲಿನ ವೇಗ ಕುಗ್ಗಿದ ಮೇಲೆ ಮಿಡ್‌ಫೀಲ್ಡಿಗೆ ಸರಿದು ಪಾಸ್ ಕೊಡುವುದರಲ್ಲೇ ಬದುಕಿದ. ಯೋಗ ಹಿಡಿದವನೂ ಹೌದು. ಕ್ಯಾರಗರ್ ಬದಿಯ ಡಿಫೆಂಡರ್ ಆಗಿದ್ದವನು ನಡುವಿನಲ್ಲಿ ನಿಂತ ಮೇಲೆಯೇ ಲಿವರ್‌ಪೂಲ್‌ಗೆ ಬೇಕೇಬೇಕಾದವನಾದ. ನನ್ನ ಹುಡುಗರಲ್ಲಿ "ನಾನು ಸ್ಟ್ರೈಕರ್ ಮಾತ್ರ" ಎಂದು ಹಟ ಹಿಡಿಯುವವರಿಗೆ ಈ ಮೂವರ ಹೆಸರು ಹೇಳಿ ಹೇಳಿ ನನಗೇ ಬೇಸರ ಬಂದಿದೆ.

ಇನ್ನು ಮೈ. ಟಾಟನ್‌ಹ್ಯಾಮ್‌ನ ಲೆಡ್ಲಿ ಕಿಂಗ್‌ನ ಮೊಣಕಾಲು ಎಷ್ಟು ಕೆಟ್ಟಿತ್ತೆಂದರೆ ತಂಡದ ಜೊತೆ ದಿನದ ಅಭ್ಯಾಸ ಮಾಡಲು ಆಗುತ್ತಿರಲಿಲ್ಲ, ನೇರವಾಗಿ ಪಂದ್ಯಕ್ಕೇ ಬರುತ್ತಿದ್ದ. 2012ರಲ್ಲಿ ನಿಲ್ಲಿಸಿದ. ಪುಯೋಲ್‌ನೂ 2014ರಲ್ಲಿ ಮೊಣಕಾಲೇ ನಿಲ್ಲಿಸಿತು, ಬಾರ್ಸಿಲೋನಾಗೆ 593 ಪಂದ್ಯವಾದ ಮೇಲೆ. ಕೆಲವರು ಒಂದೇ ಕ್ಲಬ್‌ನವರಾಗಿ ಉಳಿಯುವುದಕ್ಕೆ ಇದೂ ಒಂದು ಕಾರಣ: ಬೇರೆ ಕಡೆ ಹೋಗಿ ಎರಡು ವರ್ಷ ಆಡುವಷ್ಟು ಕಾಲು ಉಳಿದಿರುವುದಿಲ್ಲ.

## ವಾದಕ್ಕೆ ಬರುವವರು ಕೇಳುವುದು

ಕಪ್ ಗೆಲ್ಲದ ಕ್ಲಬ್‌ನಲ್ಲಿ ಕೂತಿದ್ರೆ ಅದು ನಿಷ್ಠೆನಾ, ದಡ್ಡತನನಾ?

ಫ್ರಾಂಚೆಸ್ಕೊ ಟೊಟ್ಟಿ ರೋಮಾಕ್ಕೆ 1993ರಿಂದ 2017ರವರೆಗೆ 786 ಪಂದ್ಯ ಆಡಿ 307 ಗೋಲು ಹೊಡೆದ. ಲೀಗ್ ಗೆದ್ದದ್ದು ಒಂದೇ ಸಲ, 2001ರಲ್ಲಿ. ರಿಯಲ್ ಮ್ಯಾಡ್ರಿಡ್ ಕೇಳಿದಾಗ ಹೋಗಿದ್ದರೆ ಕಪಾಟು ತುಂಬುತ್ತಿತ್ತೇನೋ. ಆದರೆ ಅಲ್ಲಿ ಅವನು ಹತ್ತು ತಾರೆಗಳಲ್ಲಿ ಒಬ್ಬ. ರೋಮ್‌ನಲ್ಲಿ ಹುಟ್ಟಿ, ರೋಮ್‌ನ ತಂಡಕ್ಕೆ ನಾಯಕನಾಗಿ ಗೆದ್ದ ಆ ಒಂದು ಲೀಗ್‌ನ ತೂಕ ಅವನಿಗೆ ಗೊತ್ತಿತ್ತು. ಹುಡುಗನಾಗಿದ್ದಾಗ ಮಿಲಾನ್ ಕರೆದರೆ ಕಳಿಸಲು ಒಪ್ಪದವರು ಅವನ ತಾಯಿ, ಅದನ್ನೂ ಮರೆಯಬಾರದು.

ಸೌತಾಂಪ್ಟನ್‌ನ ಮ್ಯಾಟ್ ಲೆ ಟಿಸಿಯೇ ಇನ್ನೂ ಗಟ್ಟಿ ಉದಾಹರಣೆ. ದೊಡ್ಡ ಕ್ಲಬ್‌ಗಳು ಕೇಳಿದರೂ ಹೋಗದೆ ವರ್ಷವರ್ಷವೂ ಕೆಳದರ್ಜೆಗೆ ಬೀಳುವ ಅಪಾಯದಲ್ಲಿದ್ದ ತಂಡವನ್ನು ತನ್ನ ಗೋಲುಗಳಿಂದ ಎತ್ತಿ ಹಿಡಿದ. 48 ಪೆನಾಲ್ಟಿಗಳಲ್ಲಿ 47 ಗೋಲು! ದೊಡ್ಡ ಕಪ್ ಒಂದೂ ಇಲ್ಲ. ಒಂದೇ ಕ್ಲಬ್ ಆಟಗಾರರಿಗೆಂದು ಅಥ್ಲೆಟಿಕ್ ಬಿಲ್ಬಾವೊ 2015ರಲ್ಲಿ ಪ್ರಶಸ್ತಿ ಶುರುಮಾಡಿದಾಗ ಮೊದಲು ಕರೆದದ್ದು ಇವನನ್ನೇ. ಮಾಲ್ಡೀನಿ ಮರುವರ್ಷ.

ಇನ್ನೊಂದು ಮಗ್ಗುಲೂ ಇದೆ. ಗಿಗ್ಸ್‌ಗೆ 13 ಲೀಗ್ ಪ್ರಶಸ್ತಿ, ಮಾಲ್ಡೀನಿಗೆ 7 ಲೀಗ್ ಮತ್ತು 5 ಯುರೋಪಿಯನ್ ಕಪ್. ಗೆಲ್ಲುತ್ತಲೇ ಇರುವ ಕ್ಲಬ್‌ನಲ್ಲಿ ಉಳಿಯಲು ಮಹಾ ತ್ಯಾಗ ಬೇಕಿಲ್ಲ. ಮಿಲಾನ್‌ನಲ್ಲೇ ಹುಡುಕಿದರೆ ನನ್ನ ಓಟು ಫ್ರಾಂಕೊ ಬರೇಸಿಗೆ. 1980ರಲ್ಲಿ ಬೆಟ್ಟಿಂಗ್ ಹಗರಣದಿಂದ, 1982ರಲ್ಲಿ ಕೆಟ್ಟ ಆಟದಿಂದ ಮಿಲಾನ್ ಎರಡು ಸಲ ಎರಡನೇ ದರ್ಜೆಗೆ ಬಿತ್ತು. ಎರಡೂ ಸಲ ಅವನು ಜೊತೆಗೇ ಇಳಿದು ಜೊತೆಗೇ ಹತ್ತಿದ. ಹುಡುಗನಿದ್ದಾಗ ಇಂಟರ್ ಕ್ಲಬ್ ಅವನ ಅಣ್ಣನನ್ನು ತೆಗೆದುಕೊಂಡು ಇವನನ್ನು ಬೇಡ ಎಂದಿತ್ತು.

ಚಿಕ್ಕಂದಿನಿಂದ ಆ ಕ್ಲಬ್‌ನ ಹುಚ್ಚು ಇದ್ದವರೇ ಹೀಗೆ ಉಳಿಯೋದು ಅಲ್ವಾ?

ಹಾಗೇನಿಲ್ಲ. ಲಿವರ್‌ಪೂಲ್‌ಗೆ 737 ಪಂದ್ಯ ಆಡಿದ ಜೇಮಿ ಕ್ಯಾರಗರ್ ಬಾಲ್ಯದಲ್ಲಿ ಎವರ್ಟನ್ ಅಭಿಮಾನಿ, ಅಂದರೆ ಅದೇ ಊರಿನ ಎದುರಾಳಿಯ ಕಡೆಯವನು. 2010ರಲ್ಲಿ ಅವನ ಗೌರವ ಪಂದ್ಯಕ್ಕೆ ಎದುರಾಳಿಯಾಗಿ ಬಂದದ್ದೂ ಎವರ್ಟನ್ನೇ. ಅವತ್ತು ಎರಡೂ ಕಡೆಗೆ ಒಂದೊಂದು ಪೆನಾಲ್ಟಿ ಹೊಡೆದ ಆಸಾಮಿ.

ಇಂಥವರನ್ನ ಅಭಿಮಾನಿಗಳು ದೇವರ ಥರ ನೋಡ್ಕೊಳ್ತಾರಂತೆ?

2009ರ ಮೇ 24, ಮಿಲಾನ್‌ನ ತವರು ಮೈದಾನ ಸ್ಯಾನ್ ಸಿರೊದಲ್ಲಿ ಮಾಲ್ಡೀನಿಯ ಕೊನೆಯ ಪಂದ್ಯ. ಸುತ್ತು ಹಾಕಿ ಕೈಬೀಸುವಾಗ ಮಿಲಾನ್‌ನ ಕಟ್ಟಾ ಅಭಿಮಾನಿಗಳ ಒಂದು ಗುಂಪು ಸಿಳ್ಳೆ ಹೊಡೆದು ಹೀಯಾಳಿಸಿತು, ನಾಯಕ ಅಂದರೆ ಬರೇಸಿ ಒಬ್ಬನೇ ಎಂದು ಬ್ಯಾನರ್ ಹಿಡಿಯಿತು. ಅವರ ದರ್ಬಾರಿಗೆ ಅವನು ಯಾವತ್ತೂ ತಲೆಬಾಗಿರಲಿಲ್ಲ, ಅದರ ಸೇಡು. ಮುಂದಿನ ವಾರ ಫ್ಲಾರೆನ್ಸ್‌ನಲ್ಲಿ ಎದುರಾಳಿ ಊರಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕ್ಲಬ್‌ಗಳ ಕೃತಜ್ಞತೆಯೂ ಅಷ್ಟಕ್ಕಷ್ಟೇ. ಆಡಳಿತಕ್ಕೆ ಮರಳಿದ ಮಾಲ್ಡೀನಿ 2022ರಲ್ಲಿ ಮಿಲಾನ್ ಲೀಗ್ ಗೆದ್ದಾಗ ತಾಂತ್ರಿಕ ನಿರ್ದೇಶಕನಾಗಿದ್ದ. 2023ರಲ್ಲಿ ಹೊಸ ಮಾಲೀಕರು ಮನೆಗೆ ಕಳಿಸಿದರು. ಟೊಟ್ಟಿಯೂ ರೋಮಾದ ಆಡಳಿತದಲ್ಲಿ ತನ್ನ ಮಾತು ನಡೆಯುತ್ತಿಲ್ಲವೆಂದು 2019ರಲ್ಲಿ ರಾಜೀನಾಮೆ ಕೊಟ್ಟ.

ಭಾರತದಲ್ಲಿ ಅಂಥವರು ಯಾರೂ ಇಲ್ವಾ?

ಚುನಿ ಗೋಸ್ವಾಮಿ. ಎಂಟರ ವಯಸ್ಸಿನಲ್ಲಿ ಮೋಹನ್ ಬಗಾನ್‌ನ ಬಾಲಕರ ತಂಡ ಸೇರಿ, 1954ರಿಂದ 1968ರವರೆಗೆ ಸೀನಿಯರ್ ತಂಡದಲ್ಲಿ ಆಡಿದರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕ. ಆಮೇಲೆ ಬಂಗಾಳ ಕ್ರಿಕೆಟ್ ತಂಡದ ನಾಯಕರಾಗಿ ರಣಜಿ ಫೈನಲ್ ತನಕ ಹೋದರು. ಇಂಥ ಮನುಷ್ಯ ಈಗ ಹುಟ್ಟುವುದು ಕಷ್ಟ. ಅವರನ್ನು ವೃತ್ತಿಪರ ಎನ್ನಲು ಬರುವುದಿಲ್ಲ. ಆ ಕಾಲದಲ್ಲಿ ಆಟಗಾರನ ಮನೆ ನಡೆಸುತ್ತಿದ್ದದ್ದು ಕಚೇರಿ ಸಂಬಳ. ಬೆಂಗಳೂರಿನಲ್ಲೂ ಎಚ್‌ಎಎಲ್, ಐಟಿಐ ತಂಡಗಳಿಗೆ ನಿವೃತ್ತಿಯವರೆಗೆ ಆಡಿದವರಿದ್ದರು. ಪಿಂಚಣಿ ಇರುವ ಕೆಲಸ ಬಿಟ್ಟು ಯಾರು ಹೋಗುತ್ತಾರೆ?

ಈಗ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಕಾಲ. 2014ರಲ್ಲಿ ಶುರುವಾದ ಲೀಗ್‌ನಲ್ಲಿ ಇಡೀ ಆಟದ ಆಯಸ್ಸು ಒಂದೇ ಕಡೆ ಕಳೆಯಲು ಇನ್ನೂ ಸಮಯವೇ ಆಗಿಲ್ಲ. 2025ರಲ್ಲಿ ಲೀಗ್ ನಡೆಯುವುದೇ ಅನುಮಾನವಾದಾಗ ಕೆಲವು ಕ್ಲಬ್‌ಗಳು ಆಟಗಾರರ ಸಂಬಳ ತಡೆಹಿಡಿದವು. ಅಂಥ ಹೊತ್ತಿನಲ್ಲಿ ಆಟಗಾರನಿಂದ ನಿಷ್ಠೆ ಕೇಳುವುದು ಅನ್ಯಾಯ.

ಇಲ್ಲಿ ಟೂರ್ನಮೆಂಟಿಗೆ ದುಡ್ಡು ಕೊಟ್ಟು ಕರೆಸೋ ಗೆಸ್ಟ್ ಪ್ಲೇಯರ್‌ಗಳಿಗೆ ನಿಯತ್ತೇ ಇಲ್ಲ ಬಿಡಿ!

ಕೇರಳದ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಆಟದಲ್ಲಿ ಋತು ಪೂರ್ತಿ ಪಂದ್ಯಕ್ಕಿಷ್ಟು ಎಂದು ಆಡಿ ಬದುಕುವವರಿದ್ದಾರೆ, ಆಫ್ರಿಕಾದಿಂದ ಬಂದವರೂ ಸೇರಿ. ಅವರಿಗೆ ಯಾವ ಕ್ಲಬ್ಬೂ ಐದು ವರ್ಷದ ಒಪ್ಪಂದ ಕೊಟ್ಟಿಲ್ಲ. ತೊಂಬತ್ತು ಸೆಕೆಂಡು ಉಳಿದಾಗಲೂ ಹಿಂದಕ್ಕೆ ಓಡಿ ಚೆಂಡು ಕಸಿಯುತ್ತಾನೋ ಇಲ್ಲವೋ, ಅಷ್ಟನ್ನು ನೋಡಿ.

ಮಗನಿಗೆ ಹದಿನೈದು. ಅಕಾಡೆಮಿಯವರು ಕರೀತಿದ್ದಾರೆ. ಒಂದೇ ಕಡೆ ಇರು ಅಂತ ಹೇಳೋದಾ?

ಒಂದೇ ಕಡೆ ಎನ್ನುವುದು ಹದಿನೈದರಲ್ಲಿ ಯೋಚಿಸುವ ವಿಷಯವಲ್ಲ. ಅವರು ಫೀಸು ಕೇಳುತ್ತಾರೋ, ಇಲ್ಲ ಅವರೇ ಖರ್ಚು ನೋಡಿಕೊಳ್ಳುತ್ತಾರೋ ಕೇಳಿ. ಫೆಡರೇಷನ್‌ನಲ್ಲಿ ಯಾವ ಕ್ಲಬ್ ಹೆಸರಿನಲ್ಲಿ ನೋಂದಣಿ ಮಾಡುತ್ತಾರೆ, ಬಿಡಬೇಕೆಂದರೆ ಏನು ದಾರಿ, ಬರಹದಲ್ಲಿ ಪಡೆಯಿರಿ. ಓದು ಎಲ್ಲಿ, ಗಾಯವಾದರೆ ಆಸ್ಪತ್ರೆ ಖರ್ಚು ಯಾರದು? ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವ ಕಡೆಗೆ ಕಳಿಸಬೇಡಿ.

ಊರಿನ ಸಣ್ಣ ಕ್ಲಬ್‌ನ ದಾಖಲೆಯನ್ನೂ ಜೋಪಾನ ಮಾಡಿ. ಮುಂದೆ ಹುಡುಗ ವಿದೇಶಿ ಕ್ಲಬ್‌ಗೆ ಹಣಕ್ಕೆ ವರ್ಗವಾದರೆ, 12ರಿಂದ 23 ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಫಿಫಾ ನಿಯಮದಂತೆ ಶುಲ್ಕದ ಶೇಕಡಾ 5 ಹಂಚಿಕೆಯಾಗುತ್ತದೆ. ನೋಂದಣಿ ಇಲ್ಲದ ಕ್ಲಬ್‌ಗೆ ಅದರಲ್ಲಿ ಪಾಲಿಲ್ಲ.

ಈಗ ಆಡ್ತಿರೋರಲ್ಲಿ ಯಾರನ್ನ ನೋಡ್ಬೇಕು?

ಬಿಲ್ಬಾವೊ ಕಡೆ ನೋಡಿ. ಬಾಸ್ಕ್ ನೆಲದಲ್ಲಿ ಹುಟ್ಟಿದ ಅಥವಾ ಅಲ್ಲಿ ಆಟ ಕಲಿತವರನ್ನಷ್ಟೇ ತೆಗೆದುಕೊಳ್ಳುವ ಅಥ್ಲೆಟಿಕ್ ಸ್ಪೇನ್‌ನ ಮೊದಲ ದರ್ಜೆಯಿಂದ ಒಮ್ಮೆಯೂ ಕೆಳಗಿಳಿದಿಲ್ಲ. ಅಲ್ಲಿಯ ಇನ್ಯಾಕಿ ವಿಲಿಯಮ್ಸ್‌ನ ತಂದೆತಾಯಿ ಘಾನಾದಿಂದ ಸಹಾರಾ ಮರುಭೂಮಿ ದಾಟಿ ಬಂದವರು. 2016ರಿಂದ 2023ರವರೆಗೆ ಅವನು ಒಂದನ್ನೂ ತಪ್ಪಿಸದೆ ಸತತ 251 ಲೀಗ್ ಪಂದ್ಯ ಆಡಿದ.

ತಮ್ಮ ನಿಕೊನದು ಇನ್ನೂ ಕುತೂಹಲದ್ದು. 2025ರ ಬೇಸಿಗೆಯಲ್ಲಿ ಬಾರ್ಸಿಲೋನಾ ಅವನ ಹಿಂದೆ ಬಿದ್ದಿತ್ತು, ಹೋದನೆಂದೇ ಎಲ್ಲರೂ ಬರೆದರು. ಅವನು ಅಥ್ಲೆಟಿಕ್ ಜೊತೆ 2035ರವರೆಗೆ ಸಹಿ ಹಾಕಿದ. ಆದರೆ ಅದೇ ಒಪ್ಪಂದದಲ್ಲಿ ಬಿಡುಗಡೆಯ ಮೊತ್ತವೂ ಇದೆ. ಮೊದಲಿಗಿಂತ ಅರ್ಧಕ್ಕೂ ಹೆಚ್ಚು ಏರಿಸಿದ್ದಾರೆ. ಅಷ್ಟು ಹಣ ಮೇಜಿನ ಮೇಲಿಟ್ಟವರಿಗೆ ನಾಳೆಯೇ ಅವನ ಜೊತೆ ಮಾತಾಡುವ ಹಕ್ಕಿದೆ.